ಟೈರಿನ ಕೊನೆಯ ಅಕ್ಷರ ಬಿಲ್ಲಿನಲ್ಲೂ ಇರಲಿ

ಮಾನ್ಯ ಸಂಪಾದಕರೇ,

ನಮ್ಮ ಮನೆಯ ಹೈಬ್ರಿಡ್ ಎಸ್‌ಯುವಿಯ ನಾಲ್ಕೂ ಟೈರುಗಳ ಗ್ರಿಪ್ ಸವೆದು, ಗೀರುಗಳ ನಡುವಿನ 1.6 ಮಿ.ಮೀ. ಗುರುತಿನ ಮಟ್ಟಕ್ಕೆ ಬಂದಿದ್ದರಿಂದ ಕಳೆದ ತಿಂಗಳು ತುಮಕೂರಿನ ಅಂಗಡಿಯೊಂದಕ್ಕೆ ಹೋಗಿದ್ದೆ. ಹಳೆಯ ಟೈರಿನ ಮೇಲೆ 215/60 ಆರ್ 17, ಅದರ ಮುಂದೆ 96 ಎಚ್ ಎಂದಿತ್ತು. ಅಂಗಡಿಯವರು ತಂದಿಟ್ಟ ಟೈರಿನಲ್ಲಿ ಅಳತೆಯೆಲ್ಲ ಅದೇ ಇದ್ದು, ಕೊನೆಯಲ್ಲಿ ಮಾತ್ರ 96 ಟಿ ಎಂದಿತ್ತು. ಕೇಳಿದ್ದಕ್ಕೆ, ‘ಎಚ್ ಆದ ಮೇಲಲ್ಲವಾ ಸಾರ್ ಟಿ ಬರೋದು? ನಿಮಗೆ ಒಳ್ಳೇದನ್ನೇ ಕೊಡ್ತಾ ಇದೀನಿ’ ಎಂದರು.

ಇಂಗ್ಲಿಷ್ ಅಕ್ಷರಮಾಲೆಯ ಲೆಕ್ಕದಲ್ಲಿ ಅವರ ಮಾತು ಸರಿ, ಟೈರಿನ ಲೆಕ್ಕದಲ್ಲಿ ತಪ್ಪು. ಆ ಅಕ್ಷರ ಟೈರು ತಾಳಿಕೊಳ್ಳಬಲ್ಲ ಗರಿಷ್ಠ ವೇಗದ ಗುರುತು. ಎಸ್ ಎಂದರೆ ಗಂಟೆಗೆ 180 ಕಿ.ಮೀ., ಟಿ ಎಂದರೆ 190, ಯು ಎಂದರೆ 200. ಅದಾದ ಮೇಲೆ, ಅಕ್ಷರಮಾಲೆಯ ಕ್ರಮವನ್ನು ಮುರಿದು, ಎಚ್‌ಗೆ 210, ವಿ ಗೆ 240. ಅವರು ಬೇಕೆಂದೇ ಮೋಸ ಮಾಡಿದರೆಂದು ನಾನು ಹೇಳುತ್ತಿಲ್ಲ. ಅವರಿಗೇ ಗೊತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ, ಚಿಂತೆಯ ವಿಷಯವೂ ಅದೇ.

ಇದನ್ನು ತೋರಿಸಿಕೊಟ್ಟ ಮೇಲೆ ಎರಡನೆಯ ಸಮಾಧಾನ ಬಂತು: ‘ನಮ್ಮ ರೋಡಲ್ಲಿ 190 ಯಾರು ಓಡಿಸ್ತಾರೆ ಸಾರ್?’ ಮೇಲ್ನೋಟಕ್ಕೆ ಒಪ್ಪುವಂತಹ ಮಾತೇ. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರುಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ನಿಗದಿಪಡಿಸಿದ ಗರಿಷ್ಠ ಮಿತಿಯೇ ಗಂಟೆಗೆ 100 ಕಿ.ಮೀ. ಆದರೆ ಆ ಅಕ್ಷರವನ್ನು ಕೊಡುವುದು ಹೊಸ ಟೈರನ್ನು ಸರಿಯಾದ ಗಾಳಿಯೊಂದಿಗೆ, ಗೊತ್ತುಪಡಿಸಿದ ಭಾರ ಹೇರಿ, ಪ್ರಯೋಗಾಲಯದ ಉರುಳೆಯ ಮೇಲೆ ಓಡಿಸಿ ನೋಡಿದ ಮೇಲೆ. ಟೈರು ಉರುಳುವಾಗ ಅದರ ಪಕ್ಕದ ಗೋಡೆ ಸುತ್ತು ಸುತ್ತಿಗೂ ಬಾಗಿ ನೆಟ್ಟಗಾಗುತ್ತದೆ. ಆ ಬಾಗುವಿಕೆಯಿಂದ ಬಿಸಿ ಹುಟ್ಟುತ್ತದೆ. ಬಿಸಿ ಮಿತಿಮೀರಿದರೆ ರಬ್ಬರು ಒಳಗಿನ ಉಕ್ಕಿನ ಪಟ್ಟಿಯಿಂದ ಬಿಟ್ಟುಕೊಳ್ಳುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಐದು ಜನ, ಹಿಂದೆ ತುಂಬ ಸಾಮಾನು, ಒಂದು ತಿಂಗಳಿಂದ ಗಾಳಿ ನೋಡದ ಟೈರು: ಶಿರಾ ದಾಟಿ ಹಿರಿಯೂರಿನ ಕಡೆಗೆ ನೂರರಲ್ಲಿ ಎಡೆಬಿಡದೆ ಓಡುವ ಗಾಡಿಯ ಸ್ಥಿತಿ ಇದು. ಪ್ರಯೋಗಾಲಯದ 190 ಅಲ್ಲಿ 190 ಆಗಿ ಉಳಿದಿರುವುದಿಲ್ಲ.

ಹೈಬ್ರಿಡ್ ಗಾಡಿಗೆ ಇನ್ನೂ ಒಂದು ಮಾತಿದೆ. ಬ್ಯಾಟರಿ, ಮೋಟಾರುಗಳಿಂದಾಗಿ ಅದು ಅದೇ ಮಾದರಿಯ ಬರೀ ಪೆಟ್ರೋಲ್ ಗಾಡಿಗಿಂತ ಭಾರ. ಮೋಟಾರಿನ ಎಳೆತ ನಿಂತಲ್ಲಿಂದಲೇ ಪೂರ್ತಿ ಸಿಗುತ್ತದೆ. ವೇಗ ತಗ್ಗಿಸುವಾಗ ಬ್ಯಾಟರಿಗೆ ವಿದ್ಯುತ್ತನ್ನು ಮರಳಿಸುವ ಕೆಲಸವೂ, ನಮ್ಮದರಂತೆ ಮುಂದಿನ ಚಕ್ರಗಳಿಂದ ಓಡುವ ಗಾಡಿಯಲ್ಲಿ, ಅದೇ ಎರಡು ಟೈರುಗಳ ಮೇಲೆ ಬೀಳುತ್ತದೆ. ಆದ್ದರಿಂದ ಅಕ್ಷರದ ಹಿಂದಿನ ಅಂಕಿಯನ್ನೂ ಇಳಿಸಬಾರದು. 96 ಎಂದರೆ ಒಂದು ಟೈರು 710 ಕಿಲೋ ಹೊರಬಲ್ಲದು, 91 ಎಂದರೆ 615 ಕಿಲೋ ಮಾತ್ರ.

ಹಾಗೆಂದು ಮೇಲಕ್ಕೆ ಜಿಗಿಯುವ ಅಗತ್ಯವೂ ಇಲ್ಲ. ಇನ್ನೊಂದು ಅಂಗಡಿಯಲ್ಲಿ ವಿ ದರ್ಜೆಯ ಟೈರು ತೋರಿಸಿದರು. ಹಾಕಿದರೆ ತಪ್ಪೇನಿಲ್ಲ, ಆದರೆ ಬೆಲೆ ಹೆಚ್ಚು, ಸವಾರಿ ತುಸು ಗಡಸಾಗಬಹುದು, ಮತ್ತು ಉರುಳಲು ಹೆಚ್ಚು ಶಕ್ತಿ ಬೇಡುವ ಟೈರಾದರೆ, ಯಾವ ಮೈಲೇಜಿನ ಆಸೆಗೆ ಹೈಬ್ರಿಡ್ ಕೊಂಡೆವೋ ಅದೇ ಕೈತಪ್ಪುತ್ತದೆ. ಕಂಪನಿ ಗಾಡಿಯ ಕೈಪಿಡಿಯಲ್ಲಿ ಬರೆದ ದರ್ಜೆಯೇ ಸಾಕು. ಅದಕ್ಕಿಂತ ಕೆಳಗಿನದು ಬೇಡ. ಎರಡನ್ನೇ ಬದಲಿಸುವವರು ಒಂದೇ ಆಕ್ಸೆಲ್ಲಿನ ಎರಡು ಬದಿಗೆ ಬೇರೆ ಬೇರೆ ದರ್ಜೆಯವನ್ನು ಹಾಕಿಸಿಕೊಳ್ಳಬಾರದು. (ಸ್ಟೆಪ್ನಿಯ ಅಳತೆ ಬೇರೆ ಇದ್ದರೆ ಅದರ ವೇಗದ ಮಿತಿಯನ್ನು ಅದರ ಮೇಲೆಯೇ ನಮೂದಿಸಿರುತ್ತಾರೆ, ಅದನ್ನು ಓದಿದವರನ್ನು ನಾನು ಇನ್ನೂ ಕಂಡಿಲ್ಲ.)

ಕೊನೆಗೆ ಮೂರನೆಯ ಅಂಗಡಿಯಲ್ಲಿ 96 ಎಚ್ ಸಿಕ್ಕಿತು. ಐಎಸ್‌ಐ ಗುರುತನ್ನೂ, ತಯಾರಾದ ವಾರವನ್ನೂ ನೋಡಿ ತೆಗೆದುಕೊಂಡೆ. ಟೈರಿನ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರ, ಕೊನೆಯ ಎರಡು ವರ್ಷ, ಅಂದರೆ 3524 ಎಂದಿದ್ದರೆ 2024ರ 35ನೆಯ ವಾರ. ಇಷ್ಟೆಲ್ಲ ಪರೀಕ್ಷಿಸಿ ತಂದ ಟೈರುಗಳಿಗೆ ಕೊಟ್ಟ ಬಿಲ್ಲಿನಲ್ಲಿ ಮಾತ್ರ ‘ಟೈರ್ 17 ಇಂಚು, 4’ ಎಂದಷ್ಟೇ ಇದೆ. ನಾಳೆ ಟೈರು ಒಡೆದರೆ, ಯಾವ ದರ್ಜೆಯದನ್ನು ಮಾರಿದರು ಎಂದು ಗ್ರಾಹಕ ಯಾವ ದಾಖಲೆಯಿಂದ ತೋರಿಸಬೇಕು?

ಅಳತೆ, ಭಾರದ ಅಂಕಿ, ವೇಗದ ಅಕ್ಷರ, ತಯಾರಿಕೆಯ ವಾರ, ಈ ನಾಲ್ಕನ್ನೂ ಬಿಲ್ಲಿನಲ್ಲಿ ನಮೂದಿಸುವುದನ್ನು ಮಾರಾಟಗಾರರಿಗೆ ಕಡ್ಡಾಯ ಮಾಡಬೇಕೆಂದೂ, ವೇಗದ ಅಕ್ಷರಗಳ ಪಟ್ಟಿಯನ್ನು ಕನ್ನಡದಲ್ಲಿ ಅಂಗಡಿಯ ಗೋಡೆಗೆ ಹಾಕಿಸಬೇಕೆಂದೂ ಸಂಬಂಧಪಟ್ಟ ಇಲಾಖೆಗಳನ್ನು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಸದ್ಯಕ್ಕೆ ನನ್ನ ಬಿಲ್ಲಿನ ಹಿಂಬದಿಯಲ್ಲಿ ಆ ನಾಲ್ಕನ್ನೂ ನಾನೇ ಪೆನ್ನಿನಲ್ಲಿ ಬರೆದು, ಅಂಗಡಿಯವರಿಂದ ಸಹಿ ಹಾಕಿಸಿಕೊಂಡಿದ್ದೇನೆ.

ಇಂತಿ,
ಒಬ್ಬ ಓದುಗ, ತುಮಕೂರು