ವಿಶ್ವಸಂಸ್ಥೆ ಮುಚ್ಚಿದರೆ ಯುದ್ಧ ಕಡಿಮೆಯಾಗುತ್ತಾ?

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಓದುಗರೊಬ್ಬರು, ವಿಶ್ವಸಂಸ್ಥೆಯಿಂದ ಒಂದು ಯುದ್ಧವೂ ನಿಂತಿಲ್ಲ, ಅದಕ್ಕೆ ಕೊಡುವ ದುಡ್ಡು ದಂಡ, ಮುಚ್ಚಿಬಿಡಲಿ ಎಂದು ಬರೆದಿದ್ದರು. ಅವರ ಸಿಟ್ಟು ಅರ್ಥವಾಗುತ್ತದೆ. 2003ರಲ್ಲಿ ಭದ್ರತಾ ಮಂಡಳಿಯ ಒಪ್ಪಿಗೆ ಇಲ್ಲದೆಯೇ ಅಮೆರಿಕ ಇರಾಕಿಗೆ ನುಗ್ಗಿತು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಮೇಲಿನ ದಾಳಿಯ ವಿರುದ್ಧ ನಿರ್ಣಯ ಬಂದಾಗ, ದಾಳಿ ಮಾಡಿದ ರಷ್ಯಾವೇ ವಿಟೊ ಹಾಕಿ, ಅಂದರೆ ಮಂಡಳಿಯ ಕಾಯಂ ಸದಸ್ಯರಿಗೆ ಮಾತ್ರ ಇರುವ ತಡೆಯುವ ಅಧಿಕಾರ ಬಳಸಿ, ಅದನ್ನು ಬೀಳಿಸಿತು. ಗಾಜಾದಲ್ಲಿ ಕದನ ವಿರಾಮ ಆಗಲಿ ಅನ್ನುವ ನಿರ್ಣಯಗಳಿಗೆ ಅಮೆರಿಕ ಮತ್ತೆ ಮತ್ತೆ ವಿಟೊ ಹಾಕಿದೆ. ಇದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಮುಚ್ಚಿ ಅನ್ನುವವರು 1967ರಲ್ಲಿ ಏನಾಯಿತು ಅಂತ ಒಮ್ಮೆ ನೋಡಬೇಕು. 1956ರ ಸೂಯೆಜ್ ಯುದ್ಧದ ನಂತರ ಈಜಿಪ್ಟ್ ಮತ್ತು ಇಸ್ರೇಲ್ ನಡುವೆ ವಿಶ್ವಸಂಸ್ಥೆಯ ಶಾಂತಿಪಡೆ ನಿಂತಿತು, ನಮ್ಮ ಸೈನಿಕರೂ ಅದರಲ್ಲಿದ್ದರು. ಪಡೆ ದೊಡ್ಡದೇನಲ್ಲ, ಕೈಯಲ್ಲಿ ಭಾರೀ ಆಯುಧವೂ ಇರಲಿಲ್ಲ. ಆದರೂ ಹತ್ತು ವರ್ಷ ಆ ಗಡಿಯಲ್ಲಿ ದೊಡ್ಡ ಯುದ್ಧ ಆಗಲಿಲ್ಲ. 1967ರ ಮೇ ತಿಂಗಳಲ್ಲಿ ಈಜಿಪ್ಟಿನ ಅಧ್ಯಕ್ಷ ನಾಸೆರ್ ಈ ಪಡೆ ಇಲ್ಲಿಂದ ಹೋಗಲಿ ಎಂದರು, ವಿಶ್ವಸಂಸ್ಥೆ ಒಪ್ಪಿತು, ಜೂನ್ 5ಕ್ಕೆ ಯುದ್ಧ ಶುರುವಾಯಿತು. ಊರಿಗೆ ಹೊರಡಬೇಕಿದ್ದ ಭಾರತದ ಕೆಲವು ಸೈನಿಕರು ಗಾಜಾದಲ್ಲೇ ಪ್ರಾಣ ಬಿಟ್ಟರು.

ಹೊಡೆದೇ ಹೊಡೆಯುತ್ತೇನೆ ಅಂತ ಹೊರಟ ದೊಡ್ಡ ದೇಶವನ್ನು ಇಂಥ ಸಂಸ್ಥೆಗಳು ತಡೆಯಲಾರವು. ನಿಜ. ಆದರೆ ಎಲ್ಲ ಜಗಳವೂ ಹಾಗಿರುವುದಿಲ್ಲ. ಬೇಲಿ ಜಗಳದಲ್ಲಿ ಎಷ್ಟೋ ಸಲ ಇಬ್ಬರಿಗೂ ಸಾಕಾಗಿರುತ್ತದೆ, ಆದರೆ ಎದುರಾಳಿಯ ಮುಂದೆ ತಗ್ಗುವುದಕ್ಕೆ ಮನಸ್ಸಾಗುವುದಿಲ್ಲ, ಮಧ್ಯದಲ್ಲಿ ಮೂರನೆಯವರು ಬೇಕು.

ನೈಜೀರಿಯಾ ಮತ್ತು ಕ್ಯಾಮರೂನ್ ನಡುವೆ ಬಕಾಸಿ ಅನ್ನುವ ಜಾಗವಿದೆ. ಮೀನು ಇದೆ, ತೈಲದ ಆಸೆಯೂ ಇದೆ. 90ರ ದಶಕದಲ್ಲಿ ಎರಡೂ ಸೇನೆಗಳು ಅಲ್ಲಿ ಗುಂಡು ಹಾರಿಸಿಕೊಂಡಿದ್ದವು. ಕ್ಯಾಮರೂನ್ 1994ರಲ್ಲಿ ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು, 2002ರಲ್ಲಿ ತೀರ್ಪು ಅದರ ಪರ ಬಂತು. ನೈಜೀರಿಯಾ ಮೊದಲು ಒಪ್ಪಲಿಲ್ಲ. ಆಗ ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಕೋಫಿ ಅನ್ನಾನ್ ಬಿಡಲಿಲ್ಲ, ಇಬ್ಬರು ಅಧ್ಯಕ್ಷರನ್ನೂ ಕೂರಿಸಿ ವರ್ಷಗಟ್ಟಲೆ ಮಾತಾಡಿಸಿದರು. 2006ರಲ್ಲಿ ನೈಜೀರಿಯಾ ತನ್ನ ಸೇನೆಯನ್ನು ಹಿಂದಕ್ಕೆ ಕರೆಸಿಕೊಂಡಿತು, 2008ರಲ್ಲಿ ಜಾಗವನ್ನು ಪೂರ್ತಿ ಬಿಟ್ಟುಕೊಟ್ಟಿತು. ಎಷ್ಟು ದೊಡ್ಡ ದೇಶ, ಎಷ್ಟು ದೊಡ್ಡ ಸೇನೆ, ಆದರೂ ಬಿಟ್ಟುಕೊಟ್ಟಿತು! ಈ ಸುದ್ದಿ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಆಗದೇ ಹೋದ ಯುದ್ಧಕ್ಕೆ ಮುಖಪುಟದಲ್ಲಿ ಜಾಗ ಸಿಗುವುದಿಲ್ಲ ಅಲ್ವಾ.

ಯುದ್ಧದ ಮಧ್ಯೆಯೂ ಇಂಥದ್ದು ನಡೆದಿದೆ. 2022ರ ಜುಲೈನಲ್ಲಿ ಉಕ್ರೇನಿನ ಧಾನ್ಯವನ್ನು ಹಡಗಿನಲ್ಲಿ ಹೊರಗೆ ಸಾಗಿಸಲು ಬಿಡುವ ಒಪ್ಪಂದ ಆಗಬೇಕಿತ್ತು, ಆದರೆ ರಷ್ಯಾ ಮತ್ತು ಉಕ್ರೇನ್ ಒಂದೇ ಕಾಗದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಹಾಗಾಗಿ ವಿಶ್ವಸಂಸ್ಥೆ ಮತ್ತು ಟರ್ಕಿ ಜೊತೆ ಬೇರೆ ಬೇರೆಯಾಗಿ ಸಹಿ ಹಾಕಿದವು. ರಷ್ಯಾ ಹಿಂದೆ ಸರಿಯುವವರೆಗೆ, ಸುಮಾರು ಒಂದು ವರ್ಷದಲ್ಲಿ, 3 ಕೋಟಿ ಟನ್ನಿಗೂ ಜಾಸ್ತಿ ಧಾನ್ಯ ಕಪ್ಪು ಸಮುದ್ರ ದಾಟಿತು.

ನಮ್ಮ ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಇದು ದೂರದ ವಿಷಯ ಅಲ್ಲವೇ ಅಲ್ಲ. ತೋಟಕ್ಕೆ ಹಾಕುವ ಪೊಟ್ಯಾಷ್ ಹೊರದೇಶದಿಂದ ಬರಬೇಕು, ರಷ್ಯಾ, ಬೆಲಾರಸ್ ಅದರ ದೊಡ್ಡ ಮಾರಾಟಗಾರರು. ನಮ್ಮ ಕಾಫಿ ಹೆಚ್ಚಾಗಿ ಹೋಗುವುದು ಇಟಲಿಗೆ. 2023ರ ಕೊನೆಯಲ್ಲಿ ಅಲ್ಲಿಗೆ ಹೋಗುವ ದಾರಿಯಾದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಕಂಟೇನರ್‌ಗಳು ಇಡೀ ಆಫ್ರಿಕಾ ಸುತ್ತಿಕೊಂಡು ಹೋಗಬೇಕಾಯಿತು.

ಪಕ್ಕದ ಕೊಡಗಿನ ಜನರಲ್ ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗಲೇ, 1965ರಲ್ಲಿ ತೀರಿಕೊಂಡರು. ಆ ಪಡೆ 1974ರಲ್ಲಿ ಟರ್ಕಿಯ ಸೇನೆಯನ್ನು ತಡೆಯಲಿಲ್ಲ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅಲ್ಲಿಂದ ಈಚೆಗೆ ದ್ವೀಪದ ಎರಡೂ ಭಾಗಗಳ ಮಧ್ಯೆ ಅದೇ ಪಡೆ ನಿಂತಿದೆ, ಯುದ್ಧ ಮತ್ತೆ ಹೊತ್ತಿಕೊಂಡಿಲ್ಲ.

ಹಾಗಾಗಿ ಕೇಳಬೇಕಾದದ್ದು ಬೇರೆ. ವಿಶ್ವಸಂಸ್ಥೆಯ ಸನ್ನದಿನ 27ನೇ ವಿಧಿಯಲ್ಲಿ, ವಿವಾದದಲ್ಲಿ ತಾನೇ ಕಕ್ಷಿಯಾಗಿರುವ ದೇಶ ಮತ ಹಾಕಬಾರದು ಅಂತಲೇ ಇದೆ. ಆದರೆ ಅದು ಶಾಂತಿಯಿಂದ ಬಗೆಹರಿಸಿಕೊಳ್ಳಿ ಅನ್ನುವ ನಿರ್ಣಯಗಳಿಗೆ ಮಾತ್ರ, ದಿಗ್ಬಂಧನ ಅಥವಾ ಸೇನಾ ಕ್ರಮದ ನಿರ್ಣಯಗಳಿಗೆ ಇಲ್ಲ. ಭಾರತ ಭದ್ರತಾ ಮಂಡಳಿಯಲ್ಲಿ ಕಾಯಂ ಸ್ಥಾನ ಕೇಳುತ್ತಿದೆ, ಕೇಳಲಿ. ಅದರ ಜೊತೆಗೇ ಆ ನಿಯಮ ಎಲ್ಲ ನಿರ್ಣಯಗಳಿಗೂ ಅನ್ವಯಿಸಲಿ ಅಂತ ಒತ್ತಾಯಿಸಲಿ, ನಾಳೆ ನಮಗೆ ಸ್ಥಾನ ಸಿಕ್ಕರೆ ನಮಗೂ ಅದು ಅನ್ವಯಿಸಲಿ.

– ಒಬ್ಬ ಕಾಫಿ ಬೆಳೆಗಾರ, ಸಕಲೇಶಪುರ, ಹಾಸನ ಜಿಲ್ಲೆ