ಪಾಠ ಹೇಳುವವನ ಓದು: ಪೊಲೀಸ್ ತರಬೇತಿ ಶಾಲೆಯಲ್ಲಿರುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಕಾನೂನು ಬೋಧಕನಾಗಿ ತರಬೇತಿ ಶಾಲೆಗೆ ಹೋದ ಮೇಲೆ ಓದುವುದಕ್ಕೆ ಪುರುಸೊತ್ತೇ ಸಿಗುತ್ತಿಲ್ಲ ಎಂದು ಬರೆದಿದ್ದೀಯ. ಬೆಳಿಗ್ಗೆ ಪಿಟಿ, ಪರೇಡು, ಆಮೇಲೆ ಇನ್‌ಡೋರ್ ಕ್ಲಾಸು, ಸಂಜೆ ಗೇಮ್ಸು, ರಾತ್ರಿ ರೋಲ್‌ಕಾಲ್. ನಡುವೆ ಬಂದೋಬಸ್ತಿನ ಕರೆ ಬಂತೆಂದರೆ ಇದ್ದ ಅರ್ಧ ಗಂಟೆಯೂ ಹೋಯಿತು. ಇಂಥ ದಿನಚರಿಯಲ್ಲಿ ಓದಿಗೆಂದು ಬೇರೆ ಸಮಯ ಉಳಿಯುವುದು ಕಷ್ಟವೇ. ಹಾಗಾಗಿ ಮುಂದಿನ ವಾರ ಏನು ಪಾಠ ಹೇಳಬೇಕೋ ಅದನ್ನೇ ನಿನ್ನ ಓದಾಗಿ ಮಾಡಿಕೋ. ಪಾಠದ ತಯಾರಿ ಹೇಗಿದ್ದರೂ ಮಾಡಲೇಬೇಕಲ್ಲ.

ಠಾಣೆಯಲ್ಲಿ ಒಬ್ಬ ಐಓ (ತನಿಖಾಧಿಕಾರಿ) ತಪ್ಪಿದರೆ ಒಂದು ಕೇಸು ಕೆಡುತ್ತದೆ. ಬೋಧಕ ಹಳೆಯದನ್ನೇ ಹೇಳಿಕೊಟ್ಟರೆ ಆ ಬ್ಯಾಚಿನವರು ಹೋದ ಠಾಣೆಗಳಲ್ಲೆಲ್ಲ ಅದೇ ತಪ್ಪು ಕಾಗದ ವರ್ಷಗಟ್ಟಲೆ ತಯಾರಾಗುತ್ತದೆ. ನಿನ್ನ ಓದು ನಿನ್ನೊಬ್ಬನದಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

2024ರ ಜುಲೈ 1ರಿಂದ ಏನಾಯಿತು ನೋಡು. ಅಪರಾಧ-ಶಿಕ್ಷೆ ಹೇಳುವ ಐಪಿಸಿಯ (ಭಾರತೀಯ ದಂಡ ಸಂಹಿತೆ) 511 ಕಲಮುಗಳ ಜಾಗಕ್ಕೆ ಬಿಎನ್‌ಎಸ್‌ನ (ಭಾರತೀಯ ನ್ಯಾಯ ಸಂಹಿತೆ) 358 ಬಂದವು; ತನಿಖೆ-ವಿಚಾರಣೆಯ ಕ್ರಮ ಹೇಳುವ ಬಿಎನ್‌ಎಸ್‌ಎಸ್‌ನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 531, ಸಾಕ್ಷ್ಯದ ಕಾನೂನಾದ ಬಿಎಸ್‌ಎಯಲ್ಲಿ (ಭಾರತೀಯ ಸಾಕ್ಷ್ಯ ಅಧಿನಿಯಮ) 170. ಎಷ್ಟೋ ಕಡೆ ಹಳೆಯ ಲೆಸನ್ ಪ್ಲಾನಿನಲ್ಲಿ ನಂಬರು ಮಾತ್ರ ತಿದ್ದಿ ಕೆಲಸ ಮುಗಿಸಿದರು. ಕೊಲೆಯ ಕಲಂ 302 ಹೊಡೆದುಹಾಕಿ 103 ಎಂದು ಬರೆದರೆ ನಡೆದೀತು. ಎಲೆಕ್ಟ್ರಾನಿಕ್ ಸಾಕ್ಷ್ಯದ ಕಲಂ 65ಬಿ ಹೊಡೆದುಹಾಕಿ 63 ಎಂದಷ್ಟೇ ಬರೆದರೆ ನಡೆಯುವುದಿಲ್ಲ. ಬಿಎಸ್‌ಎ 63ರ ಪ್ರಮಾಣಪತ್ರಕ್ಕೆ ಈಗ ಅನುಸೂಚಿಯಲ್ಲೇ ನಮೂನೆಯಿದೆ: ಭಾಗ ಎ ಸಾಧನದ ದಾಖಲೆ ಹಾಜರುಪಡಿಸುವವರು ತುಂಬುವುದು, ಭಾಗ ಬಿ ತಜ್ಞರು ತುಂಬುವುದು. ಎರಡರಲ್ಲೂ ಹ್ಯಾಶ್ ಮೌಲ್ಯ, ಅಂದರೆ ಫೈಲಿನ ಒಳಗಿನ ಮಾಹಿತಿಯಿಂದ ಲೆಕ್ಕ ಹಾಕಿ ತೆಗೆದ ಗುರುತಿನ ಸಾಲು, ಬರೆಯಬೇಕು. ಹ್ಯಾಶ್ ಅಂದರೇನೆಂದು ಕೈಯಾರೆ ಮಾಡಿ ನೋಡದ ಬೋಧಕ ಈ ಪಾಠ ಹೇಳಲಾರ.

ಮಾಡಿ ನೋಡಲು ಹತ್ತು ನಿಮಿಷ ಸಾಕು. ಶಾಲೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆ. ಸರ್ಟ್‌ಯುಟಿಲ್ ಎಂಬ ಸವಲತ್ತು ಅದರಲ್ಲೇ ಇರುತ್ತದೆ, ಬೇರೆ ಸಾಫ್ಟ್‌ವೇರ್ ಬೇಡ. ಒಂದು ಫೋಟೋದ ಎಸ್‌ಎಚ್‌ಎ-256 ಎಂಬ ಬಗೆಯ ಹ್ಯಾಶ್ ತೆಗೆ. 64 ಅಕ್ಷರ-ಅಂಕಿಗಳ ಸಾಲು ಬರುತ್ತದೆ. ಫೈಲಿನ ಹೆಸರು ಬದಲಿಸಿ ಮತ್ತೆ ತೆಗೆ: ಅದೇ ಸಾಲು. ಪೆನ್‌ಡ್ರೈವಿಗೆ ಕಾಪಿ ಮಾಡಿ ತೆಗೆ: ಆಗಲೂ ಅದೇ. ಈಗ ಅದೇ ಫೋಟೋವನ್ನು ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೋ ಕಳಿಸುವಂತೆ ಕಳಿಸಿ, ಇಳಿಸಿಕೊಂಡು ತೆಗೆ. ಸಾಲು ಪೂರ್ತಿ ಬೇರೆ, ಏಕೆಂದರೆ ವಾಟ್ಸ್ಆ್ಯಪ್ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ. ಸಿಸಿಟಿವಿ ದೃಶ್ಯವನ್ನು ಅಂಗಡಿಯವರಿಂದ ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಂಡರೆ ಏನು ಎಡವಟ್ಟಾಗುತ್ತದೆ ಎಂಬುದು ಪ್ರಶಿಕ್ಷಣಾರ್ಥಿಗಳಿಗೆ ಆ ಎರಡು ಸಾಲುಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದಾಗ ಅರ್ಥವಾಗುವಷ್ಟು ಬೇರೆ ಯಾವ ಉಪನ್ಯಾಸದಿಂದಲೂ ಆಗುವುದಿಲ್ಲ.

ಹೀಗೆ ವಾರಕ್ಕೆ ಒಂದು ಕಲಂ, ಒಂದು ತೀರ್ಪು, ಒಂದು ಕಾಗದ ಎಂದು ಇಟ್ಟುಕೋ. ಅದಕ್ಕಿಂತ ಹೆಚ್ಚು ಹಾಕಿಕೊಂಡರೆ ಎರಡನೇ ವಾರಕ್ಕೇ ಬಿಟ್ಟುಹೋಗುತ್ತದೆ. ಕಲಮನ್ನು ಗೈಡಿನಲ್ಲಿ ಓದಬೇಡ. ಇಂಡಿಯಾ ಕೋಡ್ ಜಾಲತಾಣದ ಮೂಲ ಪಾಠವನ್ನೇ, ವಿವರಣೆ ಮತ್ತು ಪರಂತುಕಗಳ (ಕಲಮಿಗೆ ಸೇರಿಸಿದ ‘ಆದರೆ’ ಎಂಬ ಷರತ್ತುಗಳ) ಸಮೇತ ಓದು. ಠಾಣೆಯಲ್ಲಿ ಮುಗ್ಗರಿಸುವುದು ಪರಂತುಕದಲ್ಲೇ. ಹಳೆ-ಹೊಸ ಕಲಂ ಹೋಲಿಸುವುದಕ್ಕೆ ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ಸಂಕಲನ್ ಆ್ಯಪ್ ಇದೆ. ಕಾಗದ ಎಂದರೆ ಮಹಜರು, ನೋಟಿಸು, ರಿಮ್ಯಾಂಡ್ ಅರ್ಜಿ ಯಾವುದಾದರೂ ಆಗಬಹುದು. ಖಾಲಿ ನಮೂನೆ ತೆಗೆದುಕೊಂಡು ನೀನೇ ಪೂರ್ತಿ ತುಂಬು. ತುಂಬುವಾಗ ಎಲ್ಲಿ ಪೆನ್ನು ನಿಲ್ಲುತ್ತದೋ ಅದೇ ನಾಳೆಯ ಪಾಠ.

ತೀರ್ಪಿನ ವಿಷಯ ಸ್ವಲ್ಪ ಎಚ್ಚರ ಬೇಕು. ಗ್ರೂಪಿನಲ್ಲಿ ಬರುವ ಎರಡು ಸಾಲಿನ ಸಾರಾಂಶ ನಂಬಿ ಕ್ಲಾಸಿಗೆ ಹೋಗಬೇಡ. ಸುಪ್ರೀಂ ಕೋರ್ಟಿನ ತೀರ್ಪುಗಳ ಜಾಲತಾಣವಾದ ಡಿಜಿಟಲ್ ಎಸ್‌ಸಿಆರ್‌ನಲ್ಲಿ ತೀರ್ಪು ಪುಕ್ಕಟೆ ಸಿಗುತ್ತದೆ. ಮೊದಲು ಸಂಗತಿ, ಆಮೇಲೆ ಕೊನೆಯ ನಿರ್ದೇಶನಗಳು, ಆಮೇಲೆ ನಡುವಿನ ತರ್ಕ, ಈ ಕ್ರಮದಲ್ಲಿ ಓದಿದರೆ ಉದ್ದದ ತೀರ್ಪಿನಲ್ಲೂ ದಾರಿ ತಪ್ಪುವುದಿಲ್ಲ.

ಬಂಧನದ ಪಾಠವೊಂದನ್ನೇ ತೆಗೆದುಕೋ. 2023ರ ಪಂಕಜ್ ಬನ್ಸಲ್ ತೀರ್ಪು ಬಂಧನದ ಆಧಾರಗಳನ್ನು ಬರಹದಲ್ಲಿ ಕೊಡಬೇಕೆಂದದ್ದು ಪಿಎಂಎಲ್‌ಎ (ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ) ಕೇಸಿನಲ್ಲಿ. 2024ರಲ್ಲಿ ಪ್ರಬೀರ್ ಪುರಕಾಯಸ್ಥ ತೀರ್ಪು ಅದನ್ನು ಯುಎಪಿಎಗೂ (ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ) ಅನ್ವಯಿಸಿತು. 2025ರ ಫೆಬ್ರವರಿಯಲ್ಲಿ ವಿಹಾನ್ ಕುಮಾರ್ ಪ್ರಕರಣದಲ್ಲಿ, ಆಧಾರ ತಿಳಿಸದಿದ್ದರೆ ಬಂಧನವೇ ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದೇ ನವೆಂಬರಿನ ಮಿಹಿರ್ ರಾಜೇಶ್ ಶಾ ತೀರ್ಪು ಎಲ್ಲ ಅಪರಾಧಗಳಿಗೂ ಇದನ್ನು ವಿಸ್ತರಿಸಿತು: ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ, ಆ ಕ್ಷಣ ಸಾಧ್ಯವಾಗದಿದ್ದರೆ ಬಾಯಲ್ಲಿ ಹೇಳಿ, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲು ಬರಹ ಕೊಡಬೇಕು. ಮೂರು ವರ್ಷದೊಳಗೆ ಒಂದೇ ಪಾಠವನ್ನು ನಾಲ್ಕು ಸಲ ತಿದ್ದಬೇಕಾಯಿತು.

ಇದನ್ನು ಕ್ಲಾಸಿನಲ್ಲಿ ಬರೆಸಿಯೇ ಕಲಿಸಬೇಕು. ಒಂದು ಕಳ್ಳತನದ ಸಂಗತಿ ಕೊಟ್ಟು ಐದು ಸಾಲಿನಲ್ಲಿ ಆಧಾರ ಬರೆಯಿರಿ ಅನ್ನು. ಬಹುಪಾಲು ಮಂದಿ ‘ಸಾಕ್ಷ್ಯ ನಾಶ ಮಾಡುವ ಸಂಭವವಿರುವುದರಿಂದ’ ಎಂದು ಶುರು ಮಾಡುತ್ತಾರೆ. ಅದು ಯಾವ ಆರೋಪಿಗೂ ಹೊಂದುವ ಮಾತು. ಯಾವ ದಿನ, ಎಲ್ಲಿ, ಈತನೇ ಏನು ಮಾಡಿದ, ಈತನ ಮೇಲೆ ಯಾವ ಸಾಕ್ಷ್ಯವಿದೆ ಎಂಬುದು ಬರಬೇಕು. ಬೆಂಗಳೂರಿನ ಠಾಣೆಗೆ ಹೋಗುವವರಿಗೆ ಇನ್ನೊಂದು ಸೇರಿಸು: ಬಿಹಾರದಿಂದ ಬಂದ ಕಟ್ಟಡ ಕಾರ್ಮಿಕನ ಕೈಗೆ ಕನ್ನಡದ ಕಾಗದ ಕೊಟ್ಟರೆ ಕೊಟ್ಟಂತಾಗಲಿಲ್ಲ.

ಹಳೆಯ ಕಾನೂನನ್ನು ಮರೆತುಬಿಡುವಂತೆಯೂ ಇಲ್ಲ. 2024ರ ಜೂನ್‌ನಲ್ಲಿ ನಡೆದ ಅಪರಾಧಕ್ಕೆ ಆಗಸ್ಟ್‌ನಲ್ಲಿ ದೂರು ಬಂದರೆ ಅಪರಾಧಕ್ಕೆ ಐಪಿಸಿ, ತನಿಖೆಗೆ ಬಿಎನ್‌ಎಸ್‌ಎಸ್. ದೂರಿನ ತಾರೀಖು ನೋಡಿ ಬಿಎನ್‌ಎಸ್ ಹಾಕಿಬಿಡುವ ತಪ್ಪು ಸುಲಭವಾಗಿ ಆಗುತ್ತದೆ.

ಇನ್ನು ಸಮಯ. ರೋಲ್‌ಕಾಲ್ ಆದ ಮೇಲೆ ಓದುತ್ತೇನೆ ಅನ್ನಬೇಡ. ನಸುಕಿಗೆದ್ದು ಮೈದಾನದಲ್ಲಿ ನಿಂತ ಮೈಗೆ ಆ ಹೊತ್ತಿನಲ್ಲಿ ತೀರ್ಪು ಹತ್ತುವುದಿಲ್ಲ, ಮನೆಯವರ ಪಾಲಿನ ಸಮಯವೂ ಅದೇ. ತಿಂಡಿಗೂ ಮೊದಲ ಪೀರಿಯಡ್‌ಗೂ ನಡುವಿನ ಅರ್ಧ ಗಂಟೆ ಒಳ್ಳೆಯದು. ಅದರ ಜೊತೆಗೆ ವಾರಕ್ಕೆ ಎರಡು ಪೀರಿಯಡ್ ‘ಪಾಠ ತಯಾರಿ’ ಎಂದು ವೇಳಾಪಟ್ಟಿಯಲ್ಲೇ ನಮೂದಿಸುವಂತೆ ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ಕೇಳು. ಬಾಯಿಮಾತಿನ ಬಿಡುವನ್ನು ಮೊದಲ ಬಂದೋಬಸ್ತೇ ನುಂಗುತ್ತದೆ. ಇನ್ನೊಬ್ಬ ಬೋಧಕರ ಜೊತೆ ಕ್ಲಾಸು ಅದಲುಬದಲು ಮಾಡಿಕೊಂಡು ತಿಂಗಳಿಗೆ ಅರ್ಧ ದಿನ ಹತ್ತಿರದ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲಿ ಕೂತು ಐಓನ ಪಾಟೀಸವಾಲು ಕೇಳು. ಎಪಿಪಿಯವರನ್ನು (ಸಹಾಯಕ ಸರ್ಕಾರಿ ಅಭಿಯೋಜಕರನ್ನು) ಈ ತಿಂಗಳು ಯಾವ ಕಾಗದ ಕೈಕೊಟ್ಟಿತು ಎಂದು ವಿಚಾರಿಸು.

ಗಣೇಶ ಹಬ್ಬ, ದಸರಾ, ಚುನಾವಣೆಯ ವಾರಗಳಲ್ಲಿ ಇದ್ಯಾವುದೂ ಆಗುವುದಿಲ್ಲ. ಆಗ ಜೇಬಿನಲ್ಲಿ ಒಂದು ಕಲಮಿನ ಪ್ರಿಂಟ್ ಇಟ್ಟುಕೋ, ಅಷ್ಟು ಸಾಕು. ಪ್ರತಿ ಲೆಸನ್ ಪ್ಲಾನಿನ ಕೆಳಗೆ ಕೊನೆಯ ಸಲ ತಿದ್ದಿದ ತಾರೀಖು, ಯಾವ ತೀರ್ಪು ನೋಡಿ ತಿದ್ದಿದ್ದು ಎಂಬುದನ್ನು ಬರೆದಿಡು. ವರ್ಗವಾಗಿ ನಿನ್ನ ಜಾಗಕ್ಕೆ ಬರುವವರು ಮೊದಲಿನಿಂದ ಶುರು ಮಾಡಬೇಕಾಗುವುದಿಲ್ಲ.

ಬಂಧನದ ಲೆಸನ್ ಪ್ಲಾನ್ ತಿದ್ದಿದ ಮೇಲೆ ನನಗೂ ಒಂದು ಪ್ರತಿ ಕಳಿಸು, ಕೂತು ನೋಡೋಣ.

ಇಂತಿ,
ನಿನ್ನ ಗೆಳೆಯ