ರಂಗಮಂದಿರ, ಸಂಗ್ರಹಾಲಯಗಳಲ್ಲಿ ಸದ್ದು–ಬೆಳಕಿನ ಮುನ್ಸೂಚನೆ ಇರಲಿ

ಮಾನ್ಯರೇ,

ಅಂಗವಿಕಲರಿಗೆ ಅನುಕೂಲ ಎಂದೊಡನೆ ನಮ್ಮ ಸಾರ್ವಜನಿಕ ಕಟ್ಟಡಗಳವರ ಕಣ್ಣಿಗೆ ಕಾಣುವುದು ಬಾಗಿಲ ಬಳಿಯ ಇಳಿಜಾರು ದಾರಿ, ಹೆಚ್ಚೆಂದರೆ ಒಂದು ಗಾಲಿಕುರ್ಚಿ. ಅವು ಬೇಕೇ ಬೇಕು. ಆದರೆ ನಡೆದಾಡಲು ಯಾವ ತೊಂದರೆಯೂ ಇಲ್ಲದೆ, ಏಕಾಏಕಿ ಎರಗುವ ಸದ್ದು, ಕಣ್ಣು ಕುಕ್ಕುವ ಬೆಳಕು ಮತ್ತು ನೂಕುನುಗ್ಗಲನ್ನು ತಾಳಲಾರದೆ ನಾಟಕ, ವಸ್ತುಸಂಗ್ರಹಾಲಯಗಳಿಂದ ದೂರ ಉಳಿದಿರುವ ಮಕ್ಕಳೂ ವಯಸ್ಕರೂ ಚಿತ್ರದುರ್ಗ, ದಾವಣಗೆರೆಗಳಲ್ಲಿ ಇದ್ದಾರೆ. ಅವರಲ್ಲಿ ಆಟಿಸಂ ಇರುವ ನನ್ನ ಮಗನೂ ಒಬ್ಬ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಕಲೆಯನ್ನು ಇಂಥವರ ಕೈಗೆಟಕುವಂತೆ ಮಾಡುವ ಹೊಣೆಯನ್ನು ಅದರ 29ನೇ ಸೆಕ್ಷನ್ ಸರ್ಕಾರ ಹಾಗೂ ಸ್ಥಳೀಯ ಸಂಸ್ಥೆಗಳಿಗೆ ವಹಿಸಿದೆ.

ನಾನು ಕಂಡಂತೆ, ಇವರನ್ನು ಸದ್ದಿಗಿಂತ ಹೆಚ್ಚಾಗಿ ಕಂಗೆಡಿಸುವುದು ಆ ಸದ್ದು ಯಾವಾಗ ಬರುತ್ತದೆಂದು ತಿಳಿಯದಿರುವುದು. ಆಹ್ವಾನ ಪತ್ರಿಕೆಯಲ್ಲಿ ಸಂಜೆ ಆರೂವರೆಗೆ ನಾಟಕ ಎಂದು ಅಚ್ಚಾಗಿರುತ್ತದೆ. ಪ್ರಾರ್ಥನೆ, ಸ್ವಾಗತ, ಹಾರ, ಶಾಲು, ಅಧ್ಯಕ್ಷರ ಭಾಷಣ ಎಲ್ಲ ಮುಗಿದು ಪರದೆ ಸರಿಯುವಾಗ ಗಂಟೆ ಎಂಟಾಗಿರುತ್ತದೆ. (ವಂದನಾರ್ಪಣೆಯನ್ನಾದರೂ ನಾಟಕದ ನಂತರಕ್ಕೆ ಇಟ್ಟುಕೊಳ್ಳಬಾರದೇ ಎಂದು ಉಳಿದ ಪ್ರೇಕ್ಷಕರೂ ಗೊಣಗುವುದುಂಟು.) ಹೇಳಿದ ವೇಳೆಯನ್ನೇ ನೆಚ್ಚಿ ಮನಸ್ಸು ಸಿದ್ಧಮಾಡಿಕೊಂಡು ಬಂದ ಹುಡುಗ ಅಷ್ಟರಲ್ಲಿ ಬಳಲಿರುತ್ತಾನೆ. ಆ ಮೇಲೆ ಮೈಕ್ ಕೀಚೆಂದು, ದೀಪಗಳೆಲ್ಲ ಒಮ್ಮೆಲೇ ಆರಿ, ಅವನು ಕಿವಿ ಮುಚ್ಚಿಕೊಂಡು ಕೂಗಿದರೆ, 'ಮೊದಲು ಹೊರಗೆ ಕರ್ಕೊಂಡು ಹೋಗಿ' ಎಂಬ ಮಾತು ಹಿಂದಿನ ಸಾಲಿನಿಂದ ಬರುತ್ತದೆ.

ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ನಾಟಕ ನಿಜವಾಗಿ ಶುರುವಾಗುವ ವೇಳೆ, ಯಾವ ದೃಶ್ಯದಲ್ಲಿ ಕತ್ತಲು, ಯಾವುದರಲ್ಲಿ ಗುಂಡಿನ ಸದ್ದು, ಶೌಚಾಲಯ ಎಲ್ಲಿ, ಹೊರಬಾಗಿಲು ಎಲ್ಲಿ ಎಂಬುದನ್ನು ಚಿತ್ರಗಳೊಂದಿಗೆ ತಿಳಿಸುವ ಒಂದು ಪುಟ ಮುಂಚೆಯೇ ಸಿಕ್ಕರೆ ಅರ್ಧ ಕಷ್ಟ ಕಳೆದಂತೆ. 1997ರಲ್ಲಿ ಆರಂಭವಾದ ಸಾಣೇಹಳ್ಳಿಯ ಶಿವಸಂಚಾರ ಎಂಬ ನಾಟಕ ತಂಡ ಅವೇ ನಾಟಕಗಳನ್ನು ಹೊತ್ತು ನಾಡೆಲ್ಲ ತಿರುಗುತ್ತದೆ. ಅಂಥ ತಂಡ ಒಮ್ಮೆ ಪುಟ ಸಿದ್ಧಪಡಿಸಿದರೆ ಅದು ಹೋದ ಊರಿಗೆಲ್ಲ ಒದಗುತ್ತದೆ.

ನ್ಯೂಯಾರ್ಕಿನ ಹೆಸರಾಂತ ರಂಗಮಂದಿರಗಳ ತಾಣವಾದ ಬ್ರಾಡ್‌ವೇಯಲ್ಲಿ ಆಟಿಸಂ ಇರುವವರಿಗೆಂದೇ ಪ್ರದರ್ಶನ ಏರ್ಪಡಿಸುವ ಕ್ರಮ 2011ರಲ್ಲಿ ಆರಂಭವಾಯಿತು. ಅಲ್ಲಿ ಪ್ರೇಕ್ಷಕರ ಕಡೆಯ ದೀಪಗಳನ್ನು ಪೂರ್ತಿ ಆರಿಸದೆ ಮಂದವಾಗಿ ಉಳಿಸುತ್ತಾರೆ, ಥಟ್ಟನೆ ಬರುವ ಸದ್ದನ್ನು ತಗ್ಗಿಸುತ್ತಾರೆ, ಯಾರು ಎದ್ದು ಓಡಾಡಿದರೂ ಗದರಿಸುವುದಿಲ್ಲ, ಸುಧಾರಿಸಿಕೊಳ್ಳಲು ಪಕ್ಕದಲ್ಲೇ ಒಂದು ಶಾಂತ ಜಾಗ ಇಟ್ಟಿರುತ್ತಾರೆ. ಎದ್ದು ಓಡಾಡುವ ಪ್ರೇಕ್ಷಕ ನಮಗೇನೂ ಹೊಸಬನಲ್ಲ. ರಾತ್ರಿಯಿಡೀ ನಡೆಯುವ ಬಯಲಾಟಕ್ಕೆ ಚಾಪೆ ಹಾಸಿಕೊಂಡು ಕೂತವರು ಬೇಕೆನಿಸಿದಾಗ ಎದ್ದು ಚಹಾ ಕುಡಿದು ಬರುತ್ತಿದ್ದರು, ಮಕ್ಕಳು ನಡುವೆಯೇ ಮಲಗುತ್ತಿದ್ದರು. ಪಾತ್ರಧಾರಿಗಳು ಅದನ್ನು ಅವಮಾನವೆಂದು ಭಾವಿಸಲಿಲ್ಲ. ಮಿಸುಕದೆ ಕೂರಬೇಕೆಂಬ ಶಿಸ್ತು ಬಂದದ್ದು ಮುಚ್ಚಿದ ಸಭಾಂಗಣದ ಜೊತೆಗೆ.

ಸಂಗ್ರಹಾಲಯದ ತೊಡಕು ಬೇರೆ. ಡಿಸೆಂಬರ್, ಜನವರಿಯ ಶಾಲಾ ಪ್ರವಾಸದ ದಿನಗಳಲ್ಲಿ ಕೋಟೆ ನೋಡಲು ಬಂದ ಬಸ್ಸುಗಳ ಮಕ್ಕಳು ಒಟ್ಟಿಗೆ ಒಳನುಗ್ಗಿದರೆ ಯಾರಿಗೂ ನಿಂತು ನೋಡಲಾಗದು. ವಾರದಲ್ಲಿ ಒಂದು ದಿನ ಬೆಳಗಿನ ಮೊದಲ ಗಂಟೆಗೆ ಗುಂಪುಗಳನ್ನು ಬಿಡದಿದ್ದರೆ ಸಾಕು. ಇನ್ನು ಕೆಲವರಿಗೆ ಕಣ್ಣಿಗಿಂತ ಕೈಯಿಂದ ತಿಳಿಯುವುದೇ ಹೆಚ್ಚು, ಅವರನ್ನು 'ಮುಟ್ಟಬೇಡಿ' ಎಂಬ ಫಲಕ ಬಾಗಿಲಲ್ಲೇ ತಡೆಯುತ್ತದೆ. ಮೂಲ ಶಿಲ್ಪಗಳನ್ನು ಕಾಪಾಡಲೇಬೇಕು, ಒಪ್ಪುತ್ತೇನೆ. ದೆಹಲಿಯ ರಾಷ್ಟ್ರೀಯ ಸಂಗ್ರಹಾಲಯ 2015ರಲ್ಲಿ 'ಅನುಭವ' ಎಂಬ ವಿಭಾಗ ತೆರೆದು ಪ್ರತಿಕೃತಿಗಳನ್ನು ಮುಟ್ಟಿ ನೋಡಲು ಇಟ್ಟಿತು. ನಮ್ಮ ಜಿಲ್ಲೆಯ ಬ್ರಹ್ಮಗಿರಿಯ ಅಶೋಕನ ಶಾಸನದ ಒಂದು ಸಾಲನ್ನು, ಒಂದು ವೀರಗಲ್ಲನ್ನು ಹಾಗೆ ಅಚ್ಚು ತೆಗೆದು ಇಟ್ಟರೆ ದೃಷ್ಟಿಹೀನರಿಗೂ ಪ್ರಯೋಜನ.

ಪುರಾತತ್ವ ಇಲಾಖೆಯೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೂ ಈ ಪ್ರವಾಸದ ಹಂಗಾಮಿಗೆ ಮುಂಚೆಯೇ ಚಿತ್ರದುರ್ಗದ ಸಂಗ್ರಹಾಲಯದಲ್ಲಿ ಅಂಥ ಒಂದು ಗಂಟೆಯನ್ನು, ದಾವಣಗೆರೆಯಲ್ಲಿ ಅಂಥ ಒಂದು ಹಗಲಿನ ಪ್ರದರ್ಶನವನ್ನು ಗೊತ್ತುಪಡಿಸಬೇಕೆಂದು ಕೋರುತ್ತೇನೆ. ಮಾಹಿತಿ ಪುಟ ಬರೆಯಲು, ಮೊದಲ ದಿನ ಬಾಗಿಲಲ್ಲಿ ನಿಂತು ನೆರವಾಗಲು ಪೋಷಕರಾದ ನಾವೇ ಬರುತ್ತೇವೆ. ಸಿಬ್ಬಂದಿಗೆ ಅರ್ಧ ದಿನದ ತಿಳಿವಳಿಕೆಯನ್ನು ಇಲಾಖೆ ಕೊಡಿಸಲಿ.

— ಒಬ್ಬ ಪೋಷಕ, ಚಿತ್ರದುರ್ಗ